ಸೈಕಲ್‌ಗೆ ಹೊಸ ಫೋರ್ಕ್, ಸರಿಯಾದ ಟೈರು: ಅಳತೆ ಹೀಗೆ ತೆಗೆಯಿರಿ

ಬದಿಯಡ್ಕದಿಂದ ಕುಂಬಳೆಗೆ ಬರುವಾಗ ಮಳೆನೀರು ತುಂಬಿದ ಹೊಂಡಕ್ಕೆ ಮುಂದಿನ ಚಕ್ರ ಬಿತ್ತು. ಮುಂದಿನ ಚಕ್ರವನ್ನು ಹಿಡಿದಿರುವ ಕವಲು, ಅಂದರೆ ಫೋರ್ಕ್, ಹಿಂದಕ್ಕೆ ಬಾಗಿತು. ಟೈರು ಫ್ರೇಮಿನ ಪೈಪಿಗೆ ಉಜ್ಜತೊಡಗಿತು, ಅದರ ಬದಿಯೂ ಹರಿದಿತ್ತು.

ಬಡಿಸಿ ನೆಟ್ಟಗೆ ಮಾಡಿಸಿದೆ, ವಾರದಲ್ಲಿ ಮತ್ತೆ ಬಾಗಿತು. ಹಾಗೆ ಮಾಡಲೇಬೇಡಿ, ಓಡುವಾಗಲೇ ಮುರಿಯಬಹುದು. ಆಮೇಲೆ ತಂದ ಶಾಕ್ (ಸ್ಪ್ರಿಂಗಿನ) ಫೋರ್ಕಿನ ಮೇಲಿನ ಪೈಪು 28.6 ಮಿ.ಮೀ. ದಪ್ಪ, ಫ್ರೇಮಿನೊಳಗೆ ಹೋಗಲೇ ಇಲ್ಲ. 26×1.95 ಟೈರು ರಿಮ್ಮಿಗೆ ಏರಲಿಲ್ಲ. ಅದು 559 ಮಿ.ಮೀ. ರಿಮ್ಮಿನದು, ನನ್ನ 26×1⅜ ರಿಮ್ 590. ಎರಡನ್ನೂ ಅಂಗಡಿಯಲ್ಲಿ 26 ಅಂತಲೇ ಕರೆಯುತ್ತಾರೆ! ಟೈರಿನ ಬದಿಯಲ್ಲಿ ಸಣ್ಣದಾಗಿ 37-590 ಎಂದಿರುತ್ತದೆ, ಅದನ್ನೇ ನೋಡಿ. ಮೊದಲಿನದು ಅಗಲ, ಆಮೇಲಿನದು ರಿಮ್ಮಿನ ಅಳತೆ.

ಕೊನೆಗೆ ಹಳೆ ಫೋರ್ಕ್ ಬಿಚ್ಚಿ ಲೇತ್ ವರ್ಕ್‌ಶಾಪಿನಲ್ಲಿ ವರ್ನಿಯರ್ (ಸೂಕ್ಷ್ಮ ಅಳತೆಯ ಉಪಕರಣ) ಹಿಡಿದು ಅಳೆಸಿದೆ. ಪೈಪಿನ ಹೊರದಪ್ಪ 25.4, ಉದ್ದ 182 ಮಿ.ಮೀ., ಮೇಲ್ತುದಿಗೆ ಮರೆ (ನಟ್ ತಿರುಗಿಸುವ ತಿರುಪು). ಅದೇ ಅಳತೆಯ ಫೋರ್ಕ್ ಹುಡುಕಿದೆ. ಕೊಳ್ಳುವಾಗ ಚಕ್ರವನ್ನೂ ಕೆಳಗಿನ ರೇಸನ್ನೂ (ಬೇರಿಂಗ್ ಬಾಲ್ಸ್ ಓಡುವ ಉಂಗುರ) ಜೊತೆಗೇ ಒಯ್ಯಿರಿ. ಒಂದಿಂಚು (25.4 ಮಿ.ಮೀ.) ಪೈಪಿನ ಫೋರ್ಕಿನಲ್ಲೂ ರೇಸ್ ಕೂರುವ ಜಾಗ 26.4, 27.0 ಮಿ.ಮೀ. ಅಂತ ಬೇರೆ ಬೇರೆ ಇರುತ್ತದೆ. ಚಕ್ರ ಕೂರಿಸಿ ನೋಡಿದಾಗ ಟೈರಿನ ಎರಡೂ ಬದಿ, ಮೇಲೆ 6 ಮಿ.ಮೀ. ಜಾಗ ಸಿಕ್ಕಿತು. ಬ್ರೇಕ್ ರಬ್ಬರು ರಿಮ್ಮಿಗೆ ಸರಿಯಾಗಿ ತಾಗಿತು.

ಜೋಡಿಸಿದ ಕ್ರಮ: ಕೆಳಗಿನ ರೇಸ್, ಗ್ರೀಸ್ ಹಚ್ಚಿದ ಬಾಲ್ಸ್, ಫೋರ್ಕ್, ಮೇಲಿನ ಬಾಲ್ಸ್, ಮರೆಯ ಕಪ್, ವಾಷರ್, ಲಾಕ್‌ನಟ್. ಕಪ್ಪನ್ನು ಕೈಯಲ್ಲೇ ಬಿಗಿ ಮಾಡಿ, ಒಂದು ಚೂರು ಹಿಂದೆ ತಿರುಗಿಸಿ. ಒಂದು ಸ್ಪ್ಯಾನರಿನಲ್ಲಿ ಕಪ್ ಹಿಡಿದುಕೊಂಡು ಇನ್ನೊಂದರಲ್ಲಿ ಲಾಕ್‌ನಟ್ ಬಿಗಿಯಿರಿ. ಮುಂದಿನ ಬ್ರೇಕ್ ಒತ್ತಿ ಸೈಕಲನ್ನು ಹಿಂದೆ ಮುಂದೆ ಅಲ್ಲಾಡಿಸಿದಾಗ ಟಕ್ ಅನ್ನಬಾರದು. ಟಕ್ ಅಂದರೆ ಕಪ್ ಇನ್ನೂ ಸಡಿಲ ಇದೆ.