ಅಪರೂಪದ ಹೆಸರು ಇಷ್ಟವಾಯ್ತಾ? ಇಡುವ ಮೊದಲು ಅದರ ಬೇರು ಹುಡುಕಿ

ಅಕ್ಕನಿಗೆ ಮಗು ಹುಟ್ಟಿ ಹತ್ತು ದಿನ ಆಗಿರಲಿಲ್ಲ, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಳು. "ಅನಯಾ ಅಂತ ಇಡೋಣ ಅಂತಿದ್ದೀವಿ ಕಣೋ, ಚೆನ್ನಾಗಿದೆ ಅಲ್ವಾ? ತನಗಿಂತ ಮೇಲಿನವರು ಯಾರೂ ಇಲ್ಲದವಳು ಅಂತ ಅರ್ಥವಂತೆ." ಕೇಳಲು ಚೆನ್ನಾಗೇ ಇತ್ತು. ಆದರೂ ಒಮ್ಮೆ ನೋಡೋಣ ಅಂತ ನಿಘಂಟು ತೆಗೆದೆ. ನಯ ಅಂದರೆ ನೀತಿ, ಒಳ್ಳೆಯ ನಡತೆ. ಅದರ ಮೊದಲಿಗೆ 'ಅ' ಸೇರಿದರೆ ಅನಯ, ಅಂದರೆ ಅನೀತಿ, ಕೆಟ್ಟ ನಡತೆ, ದುರದೃಷ್ಟ. ಹೇಳಿದಾಗ ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ.

ಆಮೇಲೆ ಒಂದು ವಾರ ನಾವಿಬ್ಬರೂ ಕೂತು ಹೆಸರು ಹುಡುಕಿದೆವು. ಆಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಖ್ಯವಾದ ಮಾತು ಒಂದೇ: ಹೆಸರು ಕೇಳಿದ ತಕ್ಷಣ "ಅರ್ಥ ಏನು?" ಅಂತ ಕೇಳಬೇಡಿ. "ಇದು ಯಾವ ಭಾಷೆಯದು? ಆ ಭಾಷೆಯಲ್ಲಿ ಇದನ್ನು ಹೇಗೆ ಬರೆಯುತ್ತಾರೆ?" ಅಂತ ಕೇಳಿ. ಹೆಸರುಗಳ ಪಟ್ಟಿ ಕೊಡುವ ಆ್ಯಪ್‌ಗಳು ಒಂದನ್ನೊಂದು ನಕಲು ಮಾಡುತ್ತವೆ, ಹಾಗಾಗಿ ಹತ್ತು ಕಡೆ ಒಂದೇ ಅರ್ಥ ಕಂಡರೂ ಅದು ಹತ್ತು ಸಾಕ್ಷಿ ಅಲ್ಲ, ಒಂದೇ ಸಾಕ್ಷಿ.

ಮೊದಲ ಕೆಲಸ, ಹೆಸರನ್ನು ಇಂಗ್ಲಿಷ್ ಅಕ್ಷರದಿಂದ ಬಿಡಿಸಿ ಕನ್ನಡದಲ್ಲಿ ಬರೆಯಿರಿ. ಕೆ, ಎ, ಎಲ್, ಎ ಅಂತ ಬರೆದರೆ ಅದು ಕಲಾ ಇರಬಹುದು, ಕಾಲ ಇರಬಹುದು, ಕಾಳ ಇರಬಹುದು. ಒಂದು ಕಲೆ, ಇನ್ನೊಂದು ಸಮಯ, ಮತ್ತೊಂದು ಕಪ್ಪು. ಹ್ರಸ್ವವೋ ದೀರ್ಘವೋ, ಲ ಅಥವಾ ಳ, ನ ಅಥವಾ ಣ, ಶ, ಷ, ಸ ಇವುಗಳಲ್ಲಿ ಯಾವುದು ಅನ್ನೋದು ಗೊತ್ತಾಗದೆ ನಿಘಂಟು ತೆರೆದು ಪ್ರಯೋಜನವಿಲ್ಲ.

ನಿಘಂಟು ಅಂದೆನಲ್ಲ, ಸಂಸ್ಕೃತದ ಹೆಸರಾದರೆ 1899ರ ಮೋನಿಯರ್ ವಿಲಿಯಮ್ಸ್ ನಿಘಂಟು ನೋಡಿ, ಕನ್ನಡದ ಪದವಾದರೆ 1894ರ ಕಿಟೆಲ್ ನಿಘಂಟು. ಎರಡೂ ಇಂಟರ್ನೆಟ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಹಳೆಯವು, ಅರ್ಥ ಕೊಟ್ಟಿರುವುದು ಇಂಗ್ಲಿಷಿನಲ್ಲಿ, ಓದಲು ಸ್ವಲ್ಪ ತಾಳ್ಮೆ ಬೇಕು. ಆದರೆ ಮಗುವನ್ನು ಜೀವನಪೂರ್ತಿ ಕೂಗುವ ಹೆಸರಿಗೆ ಅರ್ಧ ಗಂಟೆ ಜಾಸ್ತಿ ಏನಲ್ಲ.

ಎಷ್ಟೋ ಸಲ ನಿಘಂಟಿಗೂ ಮೊದಲು ನಮಗೆ ಗೊತ್ತಿರುವ ಪದಗಳೇ ಸುಳಿವು ಕೊಡುತ್ತವೆ. ಆರವ್ ತಗೊಳ್ಳಿ. 'ಶಾಂತ' ಅಂತ ಅರ್ಥ ಬರೆದಿರುವುದನ್ನು ನೀವೂ ನೋಡಿರುತ್ತೀರಿ. ಈಗ ಹೆಸರನ್ನು ಮುರಿಯಿರಿ: ಆ, ರವ. ರವ ಅಂದರೆ ಸದ್ದು. ಹಕ್ಕಿಗಳ ಕಲರವ ಅನ್ನುತ್ತೇವೆ, ಅದೇ ರವ. ಸದ್ದೇ ಇಲ್ಲದಿದ್ದರೆ ನೀರವ. ಹಾಗಾದರೆ ಆರವ? ಕೂಗು, ಗದ್ದಲ, ದೊಡ್ಡ ಸದ್ದು. ಮೌನ ಬೇಕಿದ್ದವರು ನೀರವ್ ಅಂತ ಇಡಬೇಕಿತ್ತು! ಆರವ್ ಕೆಟ್ಟ ಹೆಸರು ಅಂತ ನಾನು ಹೇಳುತ್ತಿಲ್ಲ. ಮನೆ ತುಂಬ ಸದ್ದು ಮಾಡುವ ಮಗುವಿಗೆ ಅದಕ್ಕಿಂತ ಒಳ್ಳೆಯ ಹೆಸರಿಲ್ಲ. ಆದರೆ ಅದು ಸದ್ದು ಅಂತ ಗೊತ್ತಿದ್ದೇ ಇಡಿ.

'ಅ'ದಿಂದ ಶುರುವಾಗುವ ಹೆಸರುಗಳನ್ನು ಎರಡು ಸಲ ನೋಡಿ. ಸಂಸ್ಕೃತದಲ್ಲಿ ವ್ಯಂಜನದ ಮುಂದೆ 'ಅ' ಬಂದರೆ, ಸ್ವರದ ಮುಂದೆ 'ಅನ್' ಬಂದರೆ ಸಾಮಾನ್ಯವಾಗಿ 'ಇಲ್ಲ' ಅಂತ ಅರ್ಥ. ಏನು ಇಲ್ಲ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅಘ ಅಂದರೆ ಪಾಪ, ಅದಿಲ್ಲದವಳು ಅನಘಾ. ಅಳೆಯಲು ಆಗದ್ದು ಅಮೇಯ. ಅಳಿವಿಲ್ಲದ್ದು ಅಕ್ಷರ, ನಾವು ಬರೆಯುವ ಅಕ್ಷರಕ್ಕೂ ಅದೇ ಹೆಸರು, ಎಷ್ಟು ಚೆಂದ ಅಲ್ವಾ? ನಯ ಇಲ್ಲದಿದ್ದರೆ ಮಾತ್ರ ಅಕ್ಕನ ಕಥೆ.

ಇನ್ನು ಬೇರೆ ಭಾಷೆಯ ಹೆಸರುಗಳು. ಇಲ್ಲಿ ಒಂದೇ ಥರ ಕಾಣುವ ಎರಡು ಹೆಸರುಗಳ ಅರ್ಥ ಪೂರ್ತಿ ಉಲ್ಟಾ ಇರಬಹುದು. ಇಟಾಲಿಯನ್ ಭಾಷೆಯ ಕಿಯಾರಾ ಲ್ಯಾಟಿನ್‌ನ ಕ್ಲಾರಾದಿಂದ ಬಂದದ್ದು, ಹೊಳೆಯುವವಳು, ತಿಳಿಯಾದವಳು. ಐರಿಷ್‌ನಲ್ಲಿ ಹೆಚ್ಚು ಕಡಿಮೆ ಅದೇ ಕಾಗುಣಿತದ ಒಂದು ಹೆಸರಿದೆ, ಅವರು ಅದನ್ನು ಕೀರಾ ಅನ್ನುತ್ತಾರೆ, ಅದು ಕಪ್ಪು ಅನ್ನುವ ಪದದಿಂದ ಹುಟ್ಟಿದ್ದು. ಎರಡೂ ಚೆನ್ನಾಗಿವೆ, ನಿಮಗೆ ಬೇಕಾದದ್ದು ಯಾವುದು ಅಂತ ಮಾತ್ರ ನೀವೇ ಹೇಳಬೇಕು.

ಇದರ ಉಲ್ಟಾ ಕೂಡ ಇದೆ, ನನಗೆ ತುಂಬ ಇಷ್ಟವಾದದ್ದು ಅದೇ. ಕೃತ್ತಿಕಾ, ಸುರಯ್ಯಾ, ಪರ್ವೀನ್. ಒಂದು ಸಂಸ್ಕೃತ, ಒಂದು ಅರಬ್ಬಿ, ಒಂದು ಪಾರ್ಸಿ. ಕೇಳಲು ಒಂದಕ್ಕೊಂದು ಸಂಬಂಧವೇ ಇಲ್ಲ. ಮೂರೂ ಆಕಾಶದ ಒಂದೇ ನಕ್ಷತ್ರದ ಗೊಂಚಲಿನ ಹೆಸರು. ಮೂರು ಭಾಷೆಯ ಜನ ತಲೆಯೆತ್ತಿ ಅದೇ ಪುಟ್ಟ ಗೊಂಚಲನ್ನು ನೋಡಿ, ಆ ಹೆಸರನ್ನು ತಮ್ಮ ಹೆಣ್ಣುಮಕ್ಕಳಿಗೆ ಇಟ್ಟಿದ್ದಾರೆ. ಬೇರು ಹುಡುಕುವ ಕೆಲಸದಲ್ಲಿ ಇಂಥದ್ದು ಸಿಕ್ಕಿದ ದಿನ ನಿದ್ದೆ ಬರುವುದಿಲ್ಲ.

ಕೆಲವು ಹೆಸರಿಗೆ ಹಳೆಯ ಅರ್ಥವೇ ಇರುವುದಿಲ್ಲ. ವನೆಸ್ಸಾ ಅಂದರೆ ಚಿಟ್ಟೆ ಅಂತ ತುಂಬ ಕಡೆ ಬರೆದಿದ್ದಾರೆ. ನಿಜ ಏನಂದರೆ ಜೊನಾಥನ್ ಸ್ವಿಫ್ಟ್ ಅನ್ನುವ ಲೇಖಕ ತನ್ನ ಗೆಳತಿ ಎಸ್ತರ್ ವ್ಯಾನ್‌ಹೋಮ್ರಿಯ ಹೆಸರಿನ ತುಂಡುಗಳನ್ನು ಜೋಡಿಸಿ ಅದನ್ನು ಕಟ್ಟಿದ, ಆ ಹೆಸರಿರುವ ಅವನ ಪದ್ಯ 1726ರಲ್ಲಿ ಅಚ್ಚಾಯಿತು. ಚಿಟ್ಟೆಗಳ ಒಂದು ಕುಲಕ್ಕೆ ಆ ಹೆಸರು ಬಂದದ್ದು 1807ರಲ್ಲಿ. ಹೆಸರು ಮೊದಲು, ಚಿಟ್ಟೆ ಆಮೇಲೆ. ಕಟ್ಟಿದ ಹೆಸರನ್ನು ಇಡುವುದರಲ್ಲಿ ತಪ್ಪೇನಿಲ್ಲ, ಅದಕ್ಕೆ ಇಲ್ಲದ ಅರ್ಥ ಅಂಟಿಸಬೇಡಿ ಅಷ್ಟೇ.

ನಿಘಂಟು ಹೇಳದ ಒಂದು ವಿಷಯವೂ ಇದೆ, ಹೆಸರಿನ ಹಿಂದಿನ ಕಥೆ. ಶಕುಂತ ಅಂದರೆ ಹಕ್ಕಿ. ಕಾಡಿನಲ್ಲಿ ಬಿಟ್ಟುಹೋದ ಮಗುವನ್ನು ಹಕ್ಕಿಗಳು ಕಾಯ್ದವು, ಅದಕ್ಕೇ ಅವಳು ಶಕುಂತಲಾ. ಶಕುನಿ ಅಂದರೂ ಹಕ್ಕಿಯೇ! ಅರ್ಥ ನೋಡಿದರೆ ಎರಡೂ ಒಂದೇ, ಆದರೆ ಮಗುವಿಗೆ ಶಕುನಿ ಅಂತ ಯಾರು ಇಡುತ್ತಾರೆ? ಗ್ರೀಕ್ ಕಥೆಯ ಪಂಡೋರಾ ಕೂಡ ಹಾಗೇ. ಪದದ ಅರ್ಥ 'ಎಲ್ಲ ಉಡುಗೊರೆ', ಕಥೆಯಲ್ಲಿ ಅವಳು ಮುಚ್ಚಳ ತೆಗೆದಾಗ ಹೊರಬಿದ್ದದ್ದು ಲೋಕದ ಕಷ್ಟಗಳು. ಹಾಗಾಗಿ ಆ ಹೆಸರಿನವರು ಯಾರಿದ್ದರು, ಅವರಿಗೆ ಏನಾಯಿತು ಅಂತಲೂ ಓದಿಕೊಳ್ಳಿ.

ನಾವು ಮರೆತೇಬಿಡುವ ಇನ್ನೊಂದು ಜಾಗ ಕನ್ನಡವೇ. ಎಲರು ಅಂದರೆ ಗಾಳಿ. ನೇಸರ ಅಂದರೆ ಸೂರ್ಯ. ಸಿರಿ ಅನ್ನುವುದು ಶ್ರೀ ಪದದ ತದ್ಭವ, ಸಂಪತ್ತು, ಚೆಲುವು. ಅದೇ ಸಿರಿ ಸ್ವೀಡನ್, ನಾರ್ವೆ ಕಡೆ ಸಿಗ್ರಿಡ್ ಅನ್ನುವ ಹಳೆಯ ಹೆಸರಿನ ಚುಟುಕು ರೂಪ, ಅದರಲ್ಲಿ ಗೆಲುವು ಮತ್ತು ಚೆಲುವು ಎರಡೂ ಪದ ಸೇರಿವೆ. 2011ರಿಂದ ಐಫೋನ್ ಒಳಗೂ ಒಬ್ಬಳು ಸಿರಿ ಇದ್ದಾಳೆ, ಮಗಳನ್ನು ಕೂಗಿದಾಗ ಫೋನ್ ಓಗೊಟ್ಟರೆ ಪರವಾಗಿಲ್ಲ ಅನ್ನುವವರಿಗೆ ಇದು ಒಳ್ಳೆಯ ಹೆಸರು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಹೆಸರನ್ನು ಜೋರಾಗಿ ಹತ್ತು ಸಲ ಕೂಗಿ ನೋಡಿ. ಮನೆಯ ಹಿರಿಯರ ಬಾಯಲ್ಲಿ ಹೇಗೆ ಬರುತ್ತದೆ ಕೇಳಿ. ಇಂಗ್ಲಿಷ್ ಕಾಗುಣಿತ ಒಂದನ್ನೇ ಗಟ್ಟಿ ಮಾಡಿ ಎಲ್ಲ ದಾಖಲೆಯಲ್ಲೂ ಅದನ್ನೇ ಬರೆಸಿ. ಕೊನೆಗೆ ಒಂದು ಚೀಟಿಯಲ್ಲಿ ಹೆಸರು, ಭಾಷೆ, ಪದ ಹೇಗೆ ಒಡೆಯುತ್ತದೆ, ಯಾಕೆ ಆರಿಸಿದಿರಿ, ಇಷ್ಟನ್ನು ಬರೆದಿಡಿ. ಮಗು ದೊಡ್ಡದಾಗಿ ಕೇಳಿಯೇ ಕೇಳುತ್ತದೆ.

ಅಕ್ಕನಿಗೆ ಅನಯಾ ಬಿಡಲು ಮನಸ್ಸೇ ಇರಲಿಲ್ಲ. ಅದಕ್ಕೆ ಹತ್ತಿರದ ಇನಾಯಾ ಅನ್ನುವ ಹೆಸರನ್ನೂ ನೋಡಿದೆವು, ಅರಬ್ಬಿಯಲ್ಲಿ ಕಾಳಜಿ, ಆರೈಕೆ ಅಂತ ಅರ್ಥ, ಅದೂ ಅವಳಿಗೆ ಹಿಡಿಸಿತ್ತು. ಆದರೆ ಏಳನೇ ದಿನ ಇಂಚರ ಸಿಕ್ಕಿತು. ಅವಳ ಚೀಟಿಯಲ್ಲಿ ಈಗಲೂ ಹೀಗಿದೆ: "ಕನ್ನಡ. ಇನಿದು + ಸರ. ಇನಿದು ಅಂದರೆ ಸಿಹಿ, ಸರ ಅಂದರೆ ಸ್ವರ. ನೀನು ಮೊದಲ ಸಲ ಅತ್ತಾಗ ನನಗೆ ಹಾಗೇ ಕೇಳಿಸಿತ್ತು."