ತಪ್ಪಿಸಿಕೊಂಡ ವಿದೇಶಿ ಪ್ರಾಣಿ: ಮೊದಲು ಸಾಕಿದವರನ್ನು ಹುಡುಕಿ

ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಯಾರೂ ನೋಡಿರದ ಬಣ್ಣದ ಹಾವು, ಲೇಔಟಿನ ಹೊಂಗೆ ಮರದಲ್ಲಿ ಹಸಿರು ಓತಿಯಂಥದ್ದು. ಬೆಂಗಳೂರಿನಲ್ಲಿ ಇಂಥ ಕರೆ ಬಂದಾಗ ಎಲ್ಲಿದೆ, ಎಷ್ಟು ಹೊತ್ತಿಗೆ ಕಂಡಿತು ಎಂದು ಕೇಳುವ ಜೊತೆಗೇ ನಾನು ಕೇಳುವ ಇನ್ನೊಂದು ಪ್ರಶ್ನೆ: ಆ ಕಟ್ಟಡದಲ್ಲಿ ಇಂಥವನ್ನು ಸಾಕುವವರು ಯಾರಿದ್ದಾರೆ? ಜಾತಿ ಯಾವುದು, ಎಷ್ಟು ಉದ್ದ, ಕೊನೆಗೆ ತಿಂದದ್ದು ಯಾವಾಗ, ಒಟ್ಟು ಎಷ್ಟಿದ್ದವು ಎಂಬುದು ಅವರೊಬ್ಬರಿಗೇ ಗೊತ್ತು. ಅವರು ಬಾಯಿ ಬಿಟ್ಟರೆ ಹುಡುಕಾಟ ಒಂದು ಮನೆಗೆ ಇಳಿಯುತ್ತದೆ, ಬಿಡದಿದ್ದರೆ ಇಡೀ ಬ್ಲಾಕ್ ಜಾಲಾಡಬೇಕು.

ಅವರು ಬಾಯಿ ಬಿಡದಿರುವುದಕ್ಕೆ ಕಾರಣ ಕಾನೂನಿನ ಭಯ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯಲ್ಲಿ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಜೀವಿಗಳನ್ನು ನಾಲ್ಕನೇ ಅನುಸೂಚಿಗೆ ಸೇರಿಸಿದರು. ಅವುಗಳ ನೋಂದಣಿಗೆ 2024ರಲ್ಲಿ ನಿಯಮ ಬಂತು, ಅರ್ಜಿ ಹಾಕುವುದು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ. ನೋಂದಣಿ ಮಾಡಿಸದವರು ಪ್ರಾಣಿ ತಪ್ಪಿಸಿಕೊಂಡ ದಿನ ಬಾಗಿಲು ಹಾಕಿಕೊಂಡು ಕೂರುತ್ತಾರೆ. ಅದಕ್ಕೇ ಸೆಕ್ಯುರಿಟಿ ಮೇಜಿನ ಮೇಲೆ ಹೆಸರು ಬರೆಯದೆ ಚೀಟಿ ಹಾಕಲು ಒಂದು ಡಬ್ಬಿ ಇಡಿಸಿ, ಈ ನಾಲ್ಕು ಪ್ರಶ್ನೆಗಳನ್ನು ಮುದ್ರಿಸಿ ಅಂಟಿಸುತ್ತೇವೆ. ಅರಣ್ಯ ಇಲಾಖೆಗೆ ತಿಳಿಸುತ್ತೇವೆ ಎಂಬುದನ್ನೂ ಅಲ್ಲೇ ಬರೆದಿರುತ್ತೇವೆ. ಮುಚ್ಚಿಟ್ಟು ಮಾಹಿತಿ ತೆಗೆದರೆ ಮುಂದಿನ ಸಲ ಆ ಕಟ್ಟಡದಲ್ಲಿ ಯಾರೂ ಏನೂ ಹೇಳುವುದಿಲ್ಲ.

ಹೆಚ್ಚಾಗಿ ಸಿಗುವುದು ಬಾಲ್ ಪೈಥಾನ್. ಆಫ್ರಿಕಾದ ಈ ಹೆಬ್ಬಾವು ಮೂರರಿಂದ ಐದು ಅಡಿ ಬೆಳೆಯುತ್ತದೆ, ವಿಷವಿಲ್ಲ, ಗಾಬರಿಯಾದರೆ ತಲೆ ಒಳಗಿಟ್ಟು ಉಂಡೆಯಾಗುತ್ತದೆ. ಆದರೆ ಸಾಕುವವರಿಗಾಗಿ ಇದನ್ನು ಬಿಳಿ, ಹಳದಿ, ಕಂದು ಎಂದು ಹತ್ತಾರು ಬಣ್ಣಗಳಲ್ಲಿ ಬೆಳೆಸುತ್ತಾರೆ. ಹಾಗಾಗಿ ಮೈಮೇಲಿನ ಪಟ್ಟೆ ನೋಡಿ ಜಾತಿ ಹೇಳುವ ನಮ್ಮ ಹಳೆಯ ರೂಢಿ ಇಲ್ಲಿ ನಡೆಯುವುದಿಲ್ಲ. ಕೊಳಕುಮಂಡಲವನ್ನು ಹೆಬ್ಬಾವಿನ ಮರಿ ಎಂದು ಕೈಗೆತ್ತಿಕೊಂಡು ಕಚ್ಚಿಸಿಕೊಂಡವರು ನಮ್ಮಲ್ಲಿ ಮೊದಲೇ ಇದ್ದಾರೆ, ವಿದೇಶಿ ಬಣ್ಣಗಳು ಸೇರಿದ ಮೇಲೆ ಗೊಂದಲ ಇನ್ನೂ ಹೆಚ್ಚು. ನಮ್ಮ ನಿಯಮ ಸರಳ: ದೂರದಿಂದ ಜೂಮ್ ಮಾಡಿ ತಲೆಯ ಮತ್ತು ಪೂರ್ತಿ ಮೈಯ ಫೋಟೋ ತೆಗೆದು ತಿಳಿದವರಿಗೆ ಕಳಿಸಿ. ಅವರು ಖಚಿತವಾಗಿ ಹೇಳುವವರೆಗೆ ಅದು ವಿಷದ ಹಾವೇ.

ಈ ಎಚ್ಚರಿಕೆ ಅತಿಯಾಯಿತು ಎನ್ನುವವರಿಗೆ 2023ರ ಸೆಪ್ಟೆಂಬರ್‌ನ ಪ್ರಕರಣ ನೆನಪಿಸಬೇಕು. ಬ್ಯಾಂಕಾಕ್‌ನಿಂದ ಬಂದ ಸಾಮಾನಿನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರಿಗೆ ಸಿಕ್ಕಿದ್ದು 55 ಬಾಲ್ ಪೈಥಾನ್‌ಗಳು, ಅವುಗಳ ಜೊತೆಗೆ 17 ಕಾಳಿಂಗ ಸರ್ಪಗಳು, ಸತ್ತುಹೋಗಿದ್ದ ಆರು ಕ್ಯಾಪುಚಿನ್ ಕೋತಿಗಳು. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಹಾವಿನ ವಿಷದ ಮದ್ದು ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಮಾತ್ರ. ಕಾಳಿಂಗಕ್ಕೆ ಬೇಕಾದ ಮದ್ದನ್ನು ಥಾಯ್ಲೆಂಡ್‌ನಲ್ಲಿ ಮಾಡುತ್ತಾರೆ. ಹೊರದೇಶದ ವಿಷದ ಹಾವು ಕಚ್ಚಿದರೆ ವೈದ್ಯರ ಕೈಯಲ್ಲಿ ಉಳಿಯುವುದು ಹೆಚ್ಚಾಗಿ ಉಸಿರಾಟದ ಯಂತ್ರ ಮತ್ತು ಕಾಯುವಿಕೆ. ಸಾಕಿದವರು ಜಾತಿ ಹೇಳಲೇಬೇಕು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೆ.

ಬಾಲ್ ಪೈಥಾನ್ ಎಂದು ಖಚಿತವಾದರೆ ಹುಡುಕಾಟ ತಪ್ಪಿಸಿಕೊಂಡ ಮನೆಯಿಂದಲೇ ಶುರು. ಅದು ಬೆಚ್ಚಗಿನ, ಇಕ್ಕಟ್ಟಾದ ಜಾಗ ಹುಡುಕಿಕೊಂಡು ಹೋಗುತ್ತದೆ: ಫ್ರಿಜ್‌ನ ಕಂಪ್ರೆಸರ್ ಹಿಂದೆ, ಯುಪಿಎಸ್ ಬ್ಯಾಟರಿ ಪಕ್ಕ, ವಾಷಿಂಗ್ ಮೆಷಿನ್ ತಳ, ಸೋಫಾದ ಕೆಳಗಿನ ಬಟ್ಟೆಯೊಳಗೆ, ಚಪ್ಪಲಿ ಗೂಡಿನಲ್ಲಿ. ಮೊದಲು ನೀರು ಹೋಗುವ ಜಾಲರಿಗಳ ಮೇಲೆ ಇಟ್ಟಿಗೆ ಇಡಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ಪೈಪುಗಳ ಡಕ್ಟ್‌ಗೆ ತೆರೆಯುವ ಕಿಟಕಿ ಮುಚ್ಚಿ. ಡಕ್ಟ್‌ಗೆ ಇಳಿದರೆ ಹತ್ತು ಮಹಡಿಗೂ ಅದೇ ದಾರಿ. ಕತ್ತಲಾಗುವ ಮುನ್ನ ಪ್ರತಿ ಹೊಸ್ತಿಲಿಗೂ ಗೋಡೆಯ ಅಂಚಿಗೂ ನಾಲ್ಕು ಬೆರಳು ಅಗಲಕ್ಕೆ ರಂಗೋಲಿ ಪುಡಿ ತೆಳುವಾಗಿ ಉದುರಿಸಿ. ಮೈದಾ ಬೇಡ, ಇರುವೆ ಮುತ್ತಿ ಗುರುತು ಅಳಿಸುತ್ತದೆ. ಬೆಳಿಗ್ಗೆ ಪುಡಿಯಲ್ಲಿ ಎಳೆದ ಗೆರೆ ಹಾವು ಹೋದ ದಿಕ್ಕನ್ನೂ ಅದರ ದಪ್ಪವನ್ನೂ ಹೇಳುತ್ತದೆ. ಒಂದು ಕಡೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯೊಳಗೆ ಬಿಸಿನೀರಿನ ಬ್ಯಾಗನ್ನು ಟವೆಲ್ ಸುತ್ತಿ ಇಟ್ಟರೆ, ಚಳಿಗಾಲದ ರಾತ್ರಿ ಅದಾಗಿಯೇ ಬಂದು ಕೂರುವ ಸಾಧ್ಯತೆ ಇದೆ.

ಫಿನಾಯಿಲ್, ಸೀಮೆಎಣ್ಣೆ, ಬೆಳ್ಳುಳ್ಳಿ ರಸ, ಬ್ಲೀಚಿಂಗ್ ಪುಡಿ ಇವೆಲ್ಲ ಹುಡುಕುವವರಿಗೇ ತೊಂದರೆ. ಹಾವಿನ ಚರ್ಮ ಸುಡುತ್ತದೆ, ಅದು ಇನ್ನೂ ಒಳಗೆ ನುಗ್ಗುತ್ತದೆ. ಇಷ್ಟು ಹೇಳಿದರೂ ಪ್ರತಿ ಕಟ್ಟಡದಲ್ಲಿ ಒಬ್ಬರಾದರೂ ಫಿನಾಯಿಲ್ ಬಾಟಲಿ ಹಿಡಿದೇ ನಿಂತಿರುತ್ತಾರೆ.

ಹಿಡಿಯಲು ಕೊಕ್ಕೆ, ನಾಲ್ಕು ಇಂಚಿನ ಪಿವಿಸಿ ಪೈಪು, ಅದರ ಬಾಯಿಗೆ ಕಟ್ಟಿದ ಹತ್ತಿ ಬಟ್ಟೆಯ ಚೀಲ ಸಾಕು. ಪೈಪಿನ ತೆರೆದ ಬಾಯನ್ನು ಗೋಡೆಯ ಮೂಲೆಗೆ ತಾಗಿಸಿಟ್ಟರೆ ಕತ್ತಲು ಕಂಡು ಹಾವೇ ಒಳಗೆ ಹೋಗುತ್ತದೆ. ಎರಡು ದಿನದೊಳಗೆ ತಿಂದಿದ್ದರೆ ಎತ್ತಿ ಆಡಿಸಬೇಡಿ, ನುಂಗಿದ್ದನ್ನು ಕಕ್ಕುತ್ತದೆ. ಇಕ್ಕಳದಿಂದ ಕುತ್ತಿಗೆ ಒತ್ತುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ, ಬೆನ್ನೆಲುಬಿಗೆ ಪೆಟ್ಟಾಗುತ್ತದೆ.

ಮರದಲ್ಲಿ ಕಂಡದ್ದು ಹಸಿರು ಇಗುವಾನಾ, ಅಂದರೆ ದೊಡ್ಡ ಓತಿಯಂಥ ವಿದೇಶಿ ಪ್ರಾಣಿ ಆಗಿದ್ದರೆ ಕೆಲಸ ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿ. ಬಿಸಿಲು ಬೀಳುವ ಮೊದಲು ಅದರ ಮೈ ತಣ್ಣಗಿದ್ದು ಓಟ ನಿಧಾನ, ಮಧ್ಯಾಹ್ನ ಹತ್ತಿರವೂ ಹೋಗಲಾಗುವುದಿಲ್ಲ. ಇಬ್ಬರು ಕಣ್ಣಿಡಬೇಕು, ನಾಲ್ವರು ಮರದ ಕೆಳಗೆ ಟಾರ್ಪಾಲಿನ ಮೂಲೆ ಹಿಡಿದು ನಿಲ್ಲಬೇಕು, ಒಬ್ಬರು ಕೊಂಬೆ ಅಲುಗಿಸಬೇಕು. ಬಿದ್ದ ತಕ್ಷಣ ತಲೆಯ ಮೇಲೆ ದಪ್ಪ ಟವೆಲ್. ಬಾಲ ಹಿಡಿದರೆ ಕಳಚಿ ಕೈಯಲ್ಲೇ ಉಳಿಯುತ್ತದೆ, ಹಿಡಿಯದಿದ್ದರೆ ಅದೇ ಬಾಲ ಚಾವಟಿಯ ಹಾಗೆ ಬೀಸುತ್ತದೆ. ಮುಟ್ಟಿದವರೆಲ್ಲ ಸೋಪು ಹಾಕಿ ಕೈ ತೊಳೆಯಬೇಕು, ಅದರ ಮೈಮೇಲೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಕೋತಿ ಜಾತಿಯದ್ದಾದರೆ ಬರಿಗೈಯಲ್ಲಿ ಹಿಡಿಯಲೇಬೇಡಿ, ಹಣ್ಣಿಟ್ಟ ಬೋನೇ ಸರಿ. ಕಚ್ಚಿದರೆ ಅಥವಾ ಪರಚಿದರೆ ಹದಿನೈದು ನಿಮಿಷ ಹರಿಯುವ ನೀರು ಮತ್ತು ಸೋಪಿನಲ್ಲಿ ಗಾಯ ತೊಳೆದು ಅದೇ ದಿನ ರೇಬಿಸ್ ಲಸಿಕೆ ಶುರು ಮಾಡಿಸಿ.

ದೊಡ್ಡ ಮಾಂಸಾಹಾರಿ ಪ್ರಾಣಿಯ ವಿಷಯದಲ್ಲಿ ನಮ್ಮಂಥವರ ಪಾಲು ಒಂದೇ: ಜನರನ್ನು ಒಳಗಿಡುವುದು. ಅರವಳಿಕೆ ಚುಚ್ಚಿದರೆ ಅಲ್ಲೇ ಮಲಗುತ್ತದೆ ಎಂದು ಜನ ನಂಬಿದ್ದಾರೆ. ಮದ್ದು ಹತ್ತಲು ಹತ್ತು ಹದಿನೈದು ನಿಮಿಷವಾದರೂ ಬೇಕು, ಕೆರಳಿದ ಪ್ರಾಣಿಗೆ ಇನ್ನೂ ಹೆಚ್ಚು. ತೂಕ ಅಂದಾಜಿನದ್ದು, ಸೂಜಿ ಸ್ನಾಯುವಿಗೆ ಬೀಳದೆ ಕೊಬ್ಬಿಗೆ ಬಿದ್ದರೆ ಪರಿಣಾಮ ಅರೆಬರೆ. ಕತ್ತಲಲ್ಲಿ ಹೊಡೆದರೆ ಪ್ರಾಣಿ ಎಲ್ಲಿ ಹೋಗಿ ಬಿತ್ತೆಂದೇ ತಿಳಿಯುವುದಿಲ್ಲ. 2011ರ ಅಕ್ಟೋಬರ್ 18ರಂದು ಅಮೆರಿಕದ ಒಹಾಯೊ ರಾಜ್ಯದ ಜೇನ್ಸ್‌ವಿಲ್‌ನಲ್ಲಿ ಒಬ್ಬ ಮಾಲೀಕ ಹುಲಿ, ಸಿಂಹ, ಕರಡಿಗಳ ಬೋನು ತೆರೆದು ತಾನು ಗುಂಡು ಹಾರಿಸಿಕೊಂಡು ಸತ್ತಾಗ, ಕತ್ತಲಾಗುತ್ತಿದ್ದುದರಿಂದಲೇ ಅಲ್ಲಿನ ಪೊಲೀಸ್ ಮುಖ್ಯಸ್ಥ ಶೆರಿಫ್ ಗುಂಡಿಕ್ಕಲು ಹೇಳಿದ್ದು. ಸತ್ತವುಗಳಲ್ಲಿ 18 ಹುಲಿ, 17 ಸಿಂಹ. ಮರುದಿನ ಒಂದು ಹುಲಿಗೆ ಅರವಳಿಕೆ ಹೊಡೆದು ನೋಡಿದರು. ಅದು ಕೆರಳಿತು, ಅದಕ್ಕೂ ಗುಂಡಿಕ್ಕಬೇಕಾಯಿತು. ಶಾಲೆಗಳಿಗೆ ರಜೆ ಕೊಟ್ಟರು, ಹೆದ್ದಾರಿಯ ಫಲಕಗಳಲ್ಲಿ ಕಾರಿನಿಂದ ಇಳಿಯಬೇಡಿ ಎಂದು ಹಾಕಿದರು. ಮುಂದಿನ ವರ್ಷವೇ ಆ ರಾಜ್ಯದಲ್ಲಿ ಅಪಾಯಕಾರಿ ಪ್ರಾಣಿ ಸಾಕುವುದಕ್ಕೆ ಕಾನೂನು ಬಂತು.

ನಮ್ಮಲ್ಲಿ 2016ರ ಫೆಬ್ರುವರಿಯಲ್ಲಿ ಕುಂದಲಹಳ್ಳಿಯ ಶಾಲೆಗೆ ಚಿರತೆ ನುಗ್ಗಿದಾಗಲೂ ಹಿಡಿಯುವುದಕ್ಕೆ ಹೋದವರಿಗೇ ಗಾಯವಾಯಿತು. ಹಿಡಿದು ಬನ್ನೇರುಘಟ್ಟಕ್ಕೆ ಸಾಗಿಸಿದ ಆ ಚಿರತೆ ಕೆಲವೇ ದಿನಗಳಲ್ಲಿ ಅಲ್ಲಿನ ಬೋನಿನಿಂದಲೂ ತಪ್ಪಿಸಿಕೊಂಡಿತು. ಹಾಗಾಗಿ 112 ಮತ್ತು ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿದ ಮೇಲೆ ಜನ ಒಳಬರದಂತೆ ಗೇಟು ಹಾಕಿಸಿ, ಟೆರೇಸಿನಿಂದ ವಿಡಿಯೊ ಮಾಡುವವರನ್ನು ಕೆಳಗಿಳಿಸಿ, ಪ್ರಾಣಿಗೆ ಹೊರಹೋಗುವ ಒಂದು ದಿಕ್ಕನ್ನಾದರೂ ಖಾಲಿ ಬಿಡಿ. ಜನ ಕೇಳದಿದ್ದರೆ ಗುಂಪು ಸೇರದಂತೆ ನಿಷೇಧಾಜ್ಞೆ ಹೊರಡಿಸಲು ಪೊಲೀಸರನ್ನು ಕೇಳಿ, ಹಿಂದೆ 144 ಎನ್ನುತ್ತಿದ್ದ ಅದು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್.

ವಾಟ್ಸಾಪ್ ಗುಂಪಿಗೆ ಹೋಗುವ ಸಂದೇಶವನ್ನು ಒಬ್ಬರೇ ಬರೆಯಬೇಕು: ಯಾವ ಪ್ರಾಣಿ, ಕೊನೆಗೆ ಎಲ್ಲಿ ಎಷ್ಟು ಹೊತ್ತಿಗೆ ಕಂಡಿತು, ಈಗ ಏನು ಮಾಡಬಾರದು, ಕಂಡರೆ ಯಾರಿಗೆ ಫೋನ್, ಮುಂದಿನ ಸಂದೇಶ ಎಷ್ಟು ಗಂಟೆಗೆ. ಹೇಳಿದ ಗಂಟೆಗೆ ಹೊಸದೇನೂ ಇಲ್ಲದಿದ್ದರೂ ಒಂದು ಸಾಲು ಹಾಕಿ. ಆ ಸಾಲು ಬಾರದಿದ್ದರೆ ಆ ಜಾಗಕ್ಕೆ ಯಾವುದೋ ಊರಿನ ಹಳೆಯ ಚಿರತೆ ವಿಡಿಯೊ ಬಂದು ಕೂರುತ್ತದೆ.

ಸಿಕ್ಕ ಪ್ರಾಣಿಯನ್ನು ಕೆರೆಗೋ ತೋಪಿಗೋ ಬಿಡಬಾರದು, ನಮ್ಮ ಕೆರೆಗಳಲ್ಲಿ ವಿದೇಶದ ಕೆಂಪುಕಿವಿ ಆಮೆಗಳು ಸೇರಿಕೊಂಡದ್ದೇ ಹಾಗೆ. ಅರಣ್ಯ ಇಲಾಖೆಗೆ ಒಪ್ಪಿಸಿ ಬರಹದಲ್ಲಿ ಸ್ವೀಕೃತಿ ಪಡೆಯಿರಿ. ಕೊನೆಯ ಸಂದೇಶ ಹಾಕುವ ಮೊದಲು ಸಾಕಿದವರನ್ನು ಮತ್ತೊಮ್ಮೆ ಕೇಳಿ, ಒಟ್ಟು ಎಷ್ಟಿದ್ದವು ಅಂತ. ಜೋಡಿಯಾಗಿ ತಂದಿದ್ದರೆ ಇಟ್ಟಿಗೆ ತೆಗೆಯಬೇಡಿ, ರಂಗೋಲಿ ಪುಡಿ ಇನ್ನೊಂದು ರಾತ್ರಿ ಇರಲಿ.