ನಾರ್ತ್ ಮೆಲ್ಬರ್ನ್ ಹುಡುಗರ ಫಾರ್ಮ್: ನಾನು ನೋಡುವ ರೀತಿ

ಮೆಲ್ಬರ್ನ್‌ಗೆ ಬಂದ ನಮ್ಮವರಲ್ಲಿ ಜಾಸ್ತಿ ಜನಕ್ಕೆ ಫೂಟಿ, ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲ್, ಪರಿಚಯ ಆಗುವುದು ಆಫೀಸಿನ ಟಿಪ್ಪಿಂಗ್‌ನಿಂದ. ಈ ವಾರ ಯಾರು ಗೆಲ್ಲುತ್ತಾರೆ ಅಂತ ಊಹಿಸುವುದು, ಸೋಮವಾರ ಅಂಕ ನೋಡುವುದು, ಅಷ್ಟೇ. ನನಗೂ ಹಾಗೇ ಶುರುವಾಯಿತು. ಆಮೇಲೆ ನಾರ್ತ್ ಮೆಲ್ಬರ್ನ್ ಕ್ಲಬ್ ಹಿಡಿದುಕೊಂಡಿತು, ಬಿಡಲಿಲ್ಲ.

ನಾರ್ತ್ ಅಭಿಮಾನಿ ಆಗಿರುವುದು ಸುಲಭವಲ್ಲ. 2021 ಮತ್ತು 2022ರಲ್ಲಿ ಕೊನೆಯ ಸ್ಥಾನ. 2023ರಲ್ಲಿ ಮೊದಲ ಎರಡು ಪಂದ್ಯ ಗೆದ್ದೆವು, ಆಮೇಲೆ ಸತತ 20 ಸೋತೆವು, ಕೊನೆಗೆ ಹೋಬಾರ್ಟ್‌ನಲ್ಲಿ ಗೋಲ್ಡ್ ಕೋಸ್ಟ್ ಮೇಲೆ ಒಂದು ಗೆಲುವು. ಫೂಟಿಯ ದೊಡ್ಡ ಲೀಗ್ ಆದ ಎಎಫ್‌ಎಲ್‌ನಲ್ಲಿ ಕೆಳಗಿರುವ ತಂಡಕ್ಕೆ ಡ್ರಾಫ್ಟ್‌ನಲ್ಲಿ (ಕ್ಲಬ್‌ಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವುದು) ಮುಂಚಿನ ಆಯ್ಕೆ ಸಿಗುತ್ತದೆ, ಅಂದರೆ ದೇಶದ ಒಳ್ಳೊಳ್ಳೆ 18ರ ಹುಡುಗರು ನಮ್ಮ ಕಡೆ ಬರುತ್ತಾರೆ. ಹಾಗಾಗಿ ನಾವು ಅಭಿಮಾನಿಗಳು ಸೇರಿದರೆ ಮಾತೆಲ್ಲ ಹುಡುಗರದ್ದೇ. ಯಾರು ಬೆಳೆಯುತ್ತಿದ್ದಾನೆ, ಯಾರು ನಿಂತುಹೋಗಿದ್ದಾನೆ, ಯಾರನ್ನು ಒಂದು ಮೆಟ್ಟಿಲು ಕೆಳಗಿನ ಲೀಗ್ ಆದ ವಿಎಫ್‌ಎಲ್‌ಗೆ ಕಳಿಸಬೇಕು. ಈ ಚರ್ಚೆಯಲ್ಲಿ ಸುಮ್ನೆ ಅಭಿಪ್ರಾಯ ಎಸೆಯುವುದು ನನಗೆ ಇಷ್ಟವಿಲ್ಲ. ಅದಕ್ಕೇ ನೋಡುವ ಒಂದು ರೀತಿ ರೂಢಿ ಮಾಡಿಕೊಂಡೆ.

ಮೊದಲನೆಯದು, ಮೈದಾನಕ್ಕೇ ಹೋಗುತ್ತೇನೆ, ಮಾರ್ವೆಲ್ ಸ್ಟೇಡಿಯಂನಲ್ಲಿ ಗೋಲಿನ ಹಿಂದೆ, ಮೂರನೇ ಹಂತದಲ್ಲಿ ಕೂರುತ್ತೇನೆ. ಬೆಲೆ ಕಡಿಮೆ ಅಂತ ಅಲ್ಲ. ಟಿವಿ ಕ್ಯಾಮೆರಾ ಯಾವಾಗಲೂ ಚೆಂಡಿನ ಹಿಂದೆ ಓಡುತ್ತದೆ, ಆದರೆ ಸುಮಾರು 160 ಮೀಟರ್ ಉದ್ದದ ಮೈದಾನದಲ್ಲಿ ಎರಡೂ ಕಡೆ ಸೇರಿ 36 ಜನ ಇರುತ್ತಾರೆ, ಒಬ್ಬ ಹುಡುಗನ ಆಟದ ಬಹುಪಾಲು ಚೆಂಡು ಇಲ್ಲದ ಕಡೆ ನಡೆಯುತ್ತದೆ. ಮೇಲಿಂದ ಕೂತು ಒಂದು ಕ್ವಾರ್ಟರ್ ಪೂರ್ತಿ ಒಬ್ಬನನ್ನೇ ನೋಡುತ್ತೇನೆ. ಚೆಂಡು ಆ ಕಡೆ ಹೋದರೂ ಕಣ್ಣು ಇವನ ಮೇಲೇ. ಚೆಂಡು ಕೈತಪ್ಪಿದ ತಕ್ಷಣ ಹಿಂದಕ್ಕೆ ಓಡುತ್ತಾನಾ, ಜಾಗ ಮಾಡಿಕೊಡಲು ಸುಳ್ಳು ಓಟ ಓಡುತ್ತಾನಾ, ತಪ್ಪು ಕಿಕ್ ಆದ ಮೇಲೆ ಮುಂದಿನ ಎರಡು ನಿಮಿಷ ಏನು ಮಾಡುತ್ತಾನೆ. ನನಗೆ ಫಾರ್ಮ್ ಅಂದರೆ ಮುಖ್ಯವಾಗಿ ಇದು. ಕ್ವಾರ್ಟರ್ ಲೆಕ್ಕಕ್ಕೆ 20 ನಿಮಿಷ, ಆಟ ನಿಂತ ಹೊತ್ತು ಸೇರಿಸಿದರೆ ಸುಮಾರು ಅರ್ಧ ಗಂಟೆ, ಆ ಅರ್ಧ ಗಂಟೆಯ ಕೊನೆಯ ಭಾಗದಲ್ಲಿ ಹುಡುಗನ ಕಾಲು ಎಲ್ಲವನ್ನೂ ಹೇಳುತ್ತದೆ.

ಎರಡನೆಯದು, ಡಿಸ್ಪೋಸಲ್ ಸಂಖ್ಯೆ (ಎಷ್ಟು ಸಲ ಚೆಂಡನ್ನು ಒದ್ದ ಅಥವಾ ಕೈಯಿಂದ ದಾಟಿಸಿದ) ನೋಡುವ ಮುಂಚೆ ಅವನು ಎಲ್ಲಿ ಆಡಿದ ಅಂತ ಕೇಳುತ್ತೇನೆ. ಹ್ಯಾರಿ ಶೀಝಲ್ ಇದಕ್ಕೆ ದೊಡ್ಡ ಉದಾಹರಣೆ. 2022ರ ಡ್ರಾಫ್ಟ್‌ನಲ್ಲಿ ಮೂರನೇ ಆಯ್ಕೆ, ಜೂನಿಯರ್ ಆಟದಲ್ಲಿ ಫಾರ್ವರ್ಡ್, ಅಂದರೆ ಗೋಲು ಹೊಡೆಯುವ ಜಾಗದವನು. ಕ್ಲಬ್ ಅವನನ್ನು ಹಿಂದೆ ರಕ್ಷಣೆಯ ಕಡೆ, ಹಾಫ್ ಬ್ಯಾಕ್‌ನಲ್ಲಿ ನಿಲ್ಲಿಸಿತು, ಮೊದಲ ಪಂದ್ಯದಲ್ಲೇ ವೆಸ್ಟ್ ಕೋಸ್ಟ್ ವಿರುದ್ಧ 34 ಡಿಸ್ಪೋಸಲ್, ವರ್ಷದ ಕೊನೆಗೆ ಒಳ್ಳೆಯ ಎಳೆಯ ಆಟಗಾರನಿಗೆ ಕೊಡುವ ರೈಸಿಂಗ್ ಸ್ಟಾರ್ ಪ್ರಶಸ್ತಿ. ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಫ್ ಬ್ಯಾಕ್‌ನಲ್ಲಿ ಮೈದಾನ ಪೂರ್ತಿ ಎದುರಿಗೆ ಕಾಣುತ್ತದೆ, ಚೆಂಡೂ ಜಾಸ್ತಿ ಸಿಗುತ್ತದೆ. ಅದೇ ಸಂಖ್ಯೆಯನ್ನು ಫಾರ್ವರ್ಡ್ ಜಾಗದ ಹುಡುಗನ ಪಕ್ಕ ಇಟ್ಟು ಹೋಲಿಸುವುದು ಅನ್ಯಾಯ. ಝೇನ್ ಡೂರ್ಸ್ಮಾ ಬಗ್ಗೆ ಚರ್ಚೆ ಬಂದಾಗಲೆಲ್ಲ ನಾನು ಹೇಳುವುದು ಇದನ್ನೇ. ಅವನು 2023ರ ನಾಲ್ಕನೇ ಆಯ್ಕೆ, ಫಾರ್ವರ್ಡ್. ಸೋಲುತ್ತಿರುವ ತಂಡದಲ್ಲಿ ಚೆಂಡು ನಾವು ಗೋಲು ಹೊಡೆಯುವ ಕಡೆಯ 50 ಮೀಟರ್ ಒಳಗೆ ಬರುವುದೇ ಅಪರೂಪ, ಬಂದಾಗಲೂ ಗಡಿಬಿಡಿಯ ಎತ್ತರದ ಕಿಕ್. ಅಂಥ ಕಡೆ ಟ್ಯಾಕಲ್ ನೋಡಿ, ಎದುರಾಳಿ ಡಿಫೆಂಡರ್‌ಗೆ ಎಷ್ಟು ಒತ್ತಡ ಹಾಕಿದ ಅಂತ ನೋಡಿ.

ಜಾರ್ಜ್ ವಾರ್ಡ್ಲಾ ಬೇರೆ ರೀತಿ. ಅವನು ಮಧ್ಯದಲ್ಲಿ ಮೈ ಕೊಟ್ಟು ಆಡುವವನು. ಅವನ ವಿಷಯದಲ್ಲಿ ನಾನು ಮೊದಲು ನೋಡುವುದು ಸತತವಾಗಿ ಎಷ್ಟು ವಾರ ಮೈದಾನದಲ್ಲಿದ್ದಾನೆ ಅಂತ. ಹ್ಯಾಮ್‌ಸ್ಟ್ರಿಂಗ್ ತೊಂದರೆ ಇರುವ ಹುಡುಗ ಗಾಯದಿಂದ ವಾಪಸ್ ಬಂದ ಮೊದಲ ಪಂದ್ಯಕ್ಕೇ ತೀರ್ಪು ಕೊಡುವುದು ನನಗೆ ಒಪ್ಪಿಗೆ ಇಲ್ಲ.

ಇನ್ನೊಂದು ಕಡೆ ಜನ ಹೋಗುವುದೇ ಕಡಿಮೆ, ಅದು ನಮ್ಮ ವಿಎಫ್‌ಎಲ್ ತಂಡ ಆಡುವ ಆರ್ಡನ್ ಸ್ಟ್ರೀಟ್ ಮೈದಾನ. ಮೊದಲು ನಮ್ಮವರು ಆ ಲೀಗ್‌ನಲ್ಲಿ ವೆರಿಬಿ ಕ್ಲಬ್ ಜೊತೆ ಹೊಂದಾಣಿಕೆ ಮಾಡಿಕೊಂಡಿದ್ದರು, 2018ರಿಂದ ಸ್ವಂತ ತಂಡ. ಅಲ್ಲಿ ಬೇಲಿ ಪಕ್ಕದಲ್ಲೇ ನಿಲ್ಲಬಹುದು. ಹುಡುಗರು ಒಬ್ಬರಿಗೊಬ್ಬರು ಕೂಗುವುದು ಕಿವಿಗೆ ಬೀಳುತ್ತದೆ. ಮೇಲಿನ ತಂಡದಿಂದ ಕೆಳಗೆ ಬಂದವನು ಅಲ್ಲಿ ಹೇಗೆ ಆಡುತ್ತಾನೆ ಅನ್ನುವುದು ನನಗೆ ತುಂಬ ಮುಖ್ಯ. ಕೆಲವರು ಗೋಲು ಹೊಡೆದು ಮೇಲೆ ಹೋಗುವ ಅವಸರದಲ್ಲಿರುತ್ತಾರೆ. ಕೆಲವರು ಕೋಚ್ ಹೇಳಿದ ಒಂದೇ ಕೆಲಸವನ್ನು ನಾಲ್ಕು ಕ್ವಾರ್ಟರ್ ಮಾಡುತ್ತಾರೆ. ನನ್ನ ಮನಸ್ಸು ಎರಡನೆಯವರ ಕಡೆ.

ಮನೆ ಬಿಟ್ಟು ಬಂದಿರುವುದನ್ನೂ ಲೆಕ್ಕಕ್ಕೆ ಹಿಡಿಯುತ್ತೇನೆ. ಕೋಲ್ಬಿ ಮೆಕರ್ಚರ್ ಟ್ಯಾಸ್ಮೇನಿಯಾದಿಂದ ಬಂದವನು. ಅವನಿಗಿಂತ ಮುಂಚೆ ಜೇಸನ್ ಹಾರ್ನ್-ಫ್ರಾನ್ಸಿಸ್, 2021ರ ಮೊದಲ ಆಯ್ಕೆ, ಒಂದೇ ಸೀಸನ್ ಆಡಿ ತನ್ನ ಸೌತ್ ಆಸ್ಟ್ರೇಲಿಯಾಕ್ಕೆ, ಪೋರ್ಟ್ ಅಡಿಲೇಡ್‌ಗೆ ಹೋದ. ಅವನ ಹೆಸರು ಎತ್ತಿದರೆ ನಮ್ಮಲ್ಲಿ ಹಲವರಿಗೆ ಇನ್ನೂ ಸಿಟ್ಟು. ನನಗೆ ಸಿಟ್ಟು ಬರುವುದಿಲ್ಲ. ಇಂಜಿನಿಯರಿಂಗ್ ಮುಗಿಸಿ, ಕೆಲಸ ಹಿಡಿದು ಊರು ಬಿಟ್ಟ ನಮಗೇ ಮೊದಲ ವರ್ಷ ಎಷ್ಟು ಕಷ್ಟ ಅಂತ ಗೊತ್ತು. ಈ ಹುಡುಗರು 18ಕ್ಕೆ ಬರುತ್ತಾರೆ, ಪ್ರತಿ ವಾರ ಸಾವಿರಾರು ಜನರ ಮುಂದೆ ಆಡುತ್ತಾರೆ, ಅಲ್ವಾ?

ಚರ್ಚೆ ನಿಜವಾಗಿ ಬಿಸಿ ಆಗುವುದು ಎತ್ತರದ ಆಟಗಾರರ ಮೇಲೆ. ಟಾರ್ನೀಟ್ ಬಡಾವಣೆಯಲ್ಲಿ ನನ್ನ ಸ್ನೇಹಿತರೊಬ್ಬರಿದ್ದಾರೆ, ತುಮಕೂರು ಕಡೆಯವರು, ನನಗಿಂತ ದೊಡ್ಡವರು, ಅಣ್ಣ ಅಂತಲೇ ಕರೆಯುವುದು. ಮೂರು ವರ್ಷದಲ್ಲಿ ಕಾಣದಿದ್ದರೆ ಬಿಟ್ಟುಬಿಡಬೇಕು ಅನ್ನುವುದು ಅವರ ವಾದ. ಎತ್ತರದವರಿಗೆ ಐದು ವರ್ಷ ಕೊಡಬೇಕು ಅನ್ನುವುದು ನನ್ನದು. ನಾನು ಮುಂದಿಡುವುದು ಎರಡು ಹೆಸರು. ನಿಕ್ ಲಾರ್ಕಿ 2016ರಲ್ಲಿ 73ನೇ ಆಯ್ಕೆ, 2023ರಲ್ಲಿ 71 ಗೋಲು ಹೊಡೆದು ವರ್ಷದ ಶ್ರೇಷ್ಠ ಆಟಗಾರರ ಆಲ್ ಆಸ್ಟ್ರೇಲಿಯನ್ ತಂಡಕ್ಕೆ ಹೋದ, ಅದೂ ಮೂರೇ ಪಂದ್ಯ ಗೆದ್ದ ತಂಡದಲ್ಲಿದ್ದುಕೊಂಡು. ಟ್ರಿಸ್ಟನ್ ಝೆರಿ 2017ರಲ್ಲಿ 72ನೇ ಆಯ್ಕೆ, ನಮ್ಮ ಮೊದಲ ರಕ್‌ಮನ್ (ಮೇಲೆಸೆದ ಚೆಂಡಿಗೆ ಹಾರುವ ಎತ್ತರದವನು) ಆಗಿ ಗಟ್ಟಿಯಾಗಿ ನಿಂತದ್ದು 2024ರಲ್ಲಿ. "ಸರಿ ಮಾರಾಯ, ಆದರೆ ಆ ವರ್ಷಗಳಲ್ಲಿ 70ರ ಆಚೆ ಆಯ್ಕೆಯಾದ ಮಿಕ್ಕವರೆಲ್ಲ ಎಲ್ಲಿ?" ಅಂತ ಅಣ್ಣ ಕೇಳುತ್ತಾರೆ. ಅದು ಒಳ್ಳೆ ಪ್ರಶ್ನೆಯೇ. ಅದಕ್ಕೇ ಈಗ ನಮ್ಮ ಇನ್ನೊಬ್ಬ ಎತ್ತರದ ಹುಡುಗ ಚಾರ್ಲಿ ಕೊಂಬನ್‌ನನ್ನು ಇಬ್ಬರೂ ಕೂತು ನೋಡುತ್ತೇವೆ, ಒಂದು ಕ್ವಾರ್ಟರ್ ಅವರು, ಒಂದು ಕ್ವಾರ್ಟರ್ ನಾನು, ಆಮೇಲೆ ಟ್ರೈನ್‌ನಲ್ಲಿ ಟಾರ್ನೀಟ್ ತಲುಪುವವರೆಗೆ ವಾದ.